‘ಅಪ್ಪನ ಮೇಲೆ ಪ್ರಯೋಗ ಮಾಡ್ತಾರಾ?’ ಲಕ್ವದ ಚಿಕಿತ್ಸೆ, ಸಂಶೋಧನೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲದ ಪ್ರಶ್ನೆಗಳಲ್ಲಿ ಲಕ್ವದವೇ ಜಾಸ್ತಿ. ನಾಲ್ಕನ್ನು ಆರಿಸಿದ್ದೇವೆ. ಉತ್ತರಿಸಿದವರು ಬಳ್ಳಾರಿಯ ನರರೋಗ ತಜ್ಞರು.

ಪ್ರಶ್ನೆ: ಅಪ್ಪನಿಗೆ 58 ವರ್ಷ, ರೈಸ್‌ಮಿಲ್‌ನಲ್ಲಿ ಹಮಾಲಿ. ಮೂರು ವಾರದ ಹಿಂದೆ ಎಡಗಡೆ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ಒಂದು ಟ್ರಯಲ್‌ಗೆ ಸೇರಿಸಿ ಅನ್ನುತ್ತಿದ್ದಾರೆ. ಕೈಗೆ ಶಕ್ತಿ ಬರಲು ಮಾತ್ರೆಯಂತೆ. ಆದರೆ ಸಿಗುವುದು ನಿಜವಾದ ಮಾತ್ರೆಯೋ ಔಷಧವೇ ಇಲ್ಲದ ಹುಸಿ ಮಾತ್ರೆಯೋ ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ, ಕಂಪ್ಯೂಟರ್ ಲಾಟರಿ ಎತ್ತುತ್ತದಂತೆ. ‘ಬಡವರನ್ನ ಇಲಿ ಮಾಡ್ಯಾರ’ ಅಂತ ಅವ್ವ ಅಳುತ್ತಾಳೆ. ನಾನು ಸಹಿ ಹಾಕಲಾ, ಬೇಡವಾ? (ಓದುಗರು, ಗಂಗಾವತಿ)

ಉತ್ತರ: ಅವ್ವನ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲಾಟರಿ ಯಾಕೆ ಅಂತ ನೋಡೋಣ.

ನಿಮ್ಮ ಕಡೆ ಹೊಸ ಗೊಬ್ಬರ ಬಂದರೆ ಭತ್ತ ಬೆಳೆಯುವವರು ಏನು ಮಾಡುತ್ತಾರೆ? ಒಂದು ಮಡಿಗೆ ಹಾಕಿ, ಪಕ್ಕದ ಮಡಿಗೆ ಹಾಕದೆ ನೋಡುತ್ತಾರೆ. ಎಲ್ಲ ಮಡಿಗೂ ಹಾಕಿದರೆ ಇಳುವರಿ ಗೊಬ್ಬರದಿಂದ ಬಂತೋ ಆ ವರ್ಷದ ಕಾಲುವೆ ನೀರಿನಿಂದ ಬಂತೋ ತಿಳಿಯುವುದಿಲ್ಲ. ಲಕ್ವದಲ್ಲಿ ಈ ತೊಂದರೆ ಬೇರೆ ಕಾಯಿಲೆಗಿಂತ ಜಾಸ್ತಿ. ಯಾಕೆಂದರೆ ಮೊದಲ ಮೂರು ತಿಂಗಳು ಮೆದುಳು ತಾನಾಗಿಯೇ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಏನು ಕೊಟ್ಟರೂ ಅದಕ್ಕೇ ಹೆಸರು ಬರುತ್ತದೆ. ಪಾರಿವಾಳದ ರಕ್ತ ಹಚ್ಚಿಸಿಕೊಂಡವರ ಕೈಯೂ ಎದ್ದಿರುತ್ತದೆ. ಪಾಪ, ಪಾರಿವಾಳ ಸುಮ್ಮನೆ ಸತ್ತಿರುತ್ತದೆ.

ಯಾರಿಗೆ ಯಾವ ಮಾತ್ರೆ ಅಂತ ಡಾಕ್ಟರೇ ಆರಿಸಿದರೆ, ಗೊತ್ತಿಲ್ಲದೆಯೇ ಚೇತರಿಸುವ ಲಕ್ಷಣ ಇರುವವರಿಗೆ ಹೊಸ ಮಾತ್ರೆ ಕೊಟ್ಟುಬಿಡುತ್ತಾರೆ. ನಾನಾದರೂ ಹಾಗೇ ಮಾಡುತ್ತೇನೆ. ಅದಕ್ಕೇ ಲಾಟರಿ.

ನಿಮ್ಮ ಪ್ರಶ್ನೆ ಓದಿದಾಗ ನೆನಪಾಗಿದ್ದು ಫ್ಲುಆಕ್ಸಟಿನ್ ಕಥೆ. ಅದು ಮನಸ್ಸಿನ ಖಿನ್ನತೆಗೆ ಕೊಡುವ ಹಳೆಯ ಮಾತ್ರೆ. 2011ರಲ್ಲಿ ಫ್ರಾನ್ಸ್‌ನಲ್ಲಿ 118 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಲಕ್ವ ಹೊಡೆದವರ ಕೈಕಾಲಿಗೆ ಅದರಿಂದ ಬೇಗ ಶಕ್ತಿ ಬಂದಂತೆ ಕಂಡಿತು. ಎಷ್ಟೋ ಡಾಕ್ಟರುಗಳು ಬರೆದುಕೊಡಲು ಶುರು ಮಾಡಿದರು. ಆಮೇಲೆ ಬ್ರಿಟನ್ನಿನಲ್ಲಿ 3,127 ಜನರನ್ನು ಇದೇ ಲಾಟರಿ ಕ್ರಮದಲ್ಲಿ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ನಿಜವಾದ ಮಾತ್ರೆ ತಿಂದವರು, ಹುಸಿ ಮಾತ್ರೆ ತಿಂದವರು, ಆರು ತಿಂಗಳ ಹೊತ್ತಿಗೆ ಇಬ್ಬರ ಸ್ಥಿತಿಯೂ ಒಂದೇ. ಮಾತ್ರೆ ತಿಂದವರಲ್ಲಿ ಖಿನ್ನತೆ ಕಡಿಮೆಯಾಗಿದ್ದೇನೋ ನಿಜ, ಆದರೆ ಮೂಳೆ ಮುರಿತ ಸುಮಾರು ಎರಡು ಪಟ್ಟು. ಹುಸಿ ಮಾತ್ರೆಯ ಗುಂಪು ಇಲ್ಲದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಅಂದರೆ ಲಾಟರಿಯಲ್ಲಿ ‘ನಿಜವಾದ ಮಾತ್ರೆ’ ಸಿಕ್ಕವರೇ ಅದೃಷ್ಟವಂತರು ಅಂತೇನಿಲ್ಲ.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. ‘ಅಟೆಂಡ್’ ಅನ್ನುವ ಅಧ್ಯಯನದಲ್ಲಿ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು. ಅರ್ಧ ಜನರ ಮನೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟರು. ಉಳಿದವರಿಗೆ ಎಂದಿನ ಆರೈಕೆ. ಫಿಸಿಯೋಥೆರಪಿಸ್ಟ್ ಸಿಗದ ಊರುಗಳಿಗೆ ಇದೇ ದಾರಿ ಅಂತ ನಾನೂ ನಂಬಿದ್ದೆ. 2017ರಲ್ಲಿ ಫಲಿತಾಂಶ ನೋಡಿದರೆ, ಆರು ತಿಂಗಳಿಗೆ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲಿದ್ದವರು ಎರಡೂ ಗುಂಪಿನಲ್ಲಿ ಶೇ. 47. ಹಾಗಂತ ಮನೆಯಲ್ಲಿ ಏನೂ ಮಾಡಿಸಬೇಡಿ ಅಂತಲ್ಲ. ಅಪ್ಪನ ಆರೈಕೆ ಮಾಡುವ ಅವ್ವನ ತಲೆ ಮೇಲೆ ಫಿಸಿಯೋಥೆರಪಿಸ್ಟ್ ಕೆಲಸವನ್ನೂ ಹೊರಿಸಿ ಕೈ ತೊಳೆದುಕೊಂಡರೆ ಆಗುವುದಿಲ್ಲ ಅಂತ.

ಈಗ ಅವ್ವನ ಭಯಕ್ಕೆ ಬರೋಣ. ಟ್ರಯಲ್‌ಗೆ ಎಥಿಕ್ಸ್ ಕಮಿಟಿಯ, ಅಂದರೆ ರೋಗಿಗಳ ಹಿತ ನೋಡುವ ಸಮಿತಿಯ, ಒಪ್ಪಿಗೆ ಇರಲೇಬೇಕು. ಜೊತೆಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸುವ ಸಿಟಿಆರ್‌ಐ ಎಂಬ ಟ್ರಯಲ್‌ಗಳ ದಾಖಲೆಯಲ್ಲಿ ನೋಂದಣಿ ನಂಬರ್ ಇರಬೇಕು. ಔಷಧದ ಟ್ರಯಲ್‌ಗಳಿಗೆ 2009ರಿಂದ ಇದು ಕಡ್ಡಾಯ, ಮೊಬೈಲಿನಲ್ಲೇ ಹುಡುಕಿ ನೋಡಬಹುದು. ಮಾಹಿತಿ ಪತ್ರವನ್ನು ಕನ್ನಡದಲ್ಲೇ ಕೇಳಿ, ಒಂದು ಪ್ರತಿ ಮನೆಗೆ ತನ್ನಿ. ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಯಾರು ಕೊಡುತ್ತಾರೆ ಅನ್ನುವುದು ಅದರಲ್ಲಿರಬೇಕು. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಫಿಸಿಯೋಥೆರಪಿ ಎರಡೂ ಗುಂಪಿಗೆ ಮುಂದುವರಿಯುತ್ತದಾ ಅಂತ ಬಾಯಿಬಿಟ್ಟು ಕೇಳಿ. ನಡುವೆ ಯಾವಾಗ ಬೇಕಾದರೂ ಬಿಡಬಹುದು. ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಇನ್ನೊಂದು ಮಾತು. ‘ನಾನು ಸಹಿ ಹಾಕಲಾ’ ಅಂತ ಕೇಳಿದ್ದೀರಿ. ಸಹಿ ನಿಮ್ಮದಲ್ಲ, ಅಪ್ಪನದು. ಎಡಗಡೆ ಲಕ್ವ ಹೊಡೆದವರಲ್ಲಿ ಸಾಮಾನ್ಯವಾಗಿ ಮಾತು ಅರ್ಥವಾಗುತ್ತಿರುತ್ತದೆ. ಓದಲು ಬರದಿದ್ದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿಸಿ, ಅವರೇ ಹೆಬ್ಬೆಟ್ಟು ಒತ್ತಲಿ, ಅಥವಾ ‘ಒಲ್ಲೆ’ ಅನ್ನಲಿ. ಮೂರು ವಾರದಿಂದ ಅವರನ್ನು ಯಾರೂ ಏನೂ ಕೇಳಿರಲಿಕ್ಕಿಲ್ಲ, ಅಲ್ವಾ?

ಪ್ರಶ್ನೆ: ನಮ್ಮತ್ತೆ ರಾತ್ರಿ 10ಕ್ಕೆ ಚೆನ್ನಾಗಿ ಊಟ ಮಾಡಿ ಮಲಗಿದರು. ಬೆಳಗ್ಗೆ 6ಕ್ಕೆ ನೋಡಿದರೆ ಬಾಯಿ ಸೊಟ್ಟ, ಕೈ ಏಳುತ್ತಿಲ್ಲ. 7ಕ್ಕೆಲ್ಲ ಆಸ್ಪತ್ರೆಯಲ್ಲಿದ್ದೆವು. ಆದರೂ ಇಂಜೆಕ್ಷನ್ ಟೈಮ್ ಮೀರಿದೆ ಎಂದರು. ಅದು ಹೇಗೆ? (ಓದುಗರು, ಸಿರುಗುಪ್ಪ)

ಉತ್ತರ: ಗಡಿಯಾರ ಶುರುವಾಗುವುದು ನೀವು ನೋಡಿದ ಹೊತ್ತಿನಿಂದಲ್ಲ, ಅವರು ಚೆನ್ನಾಗಿದ್ದ ಕೊನೆಯ ಹೊತ್ತಿನಿಂದ. ನಿಮ್ಮತ್ತೆಗೆ ಅದು ರಾತ್ರಿ 10. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ ಮೂರು ಗಂಟೆಯೊಳಗೆ ಕೊಟ್ಟರೆ ಉಪಯೋಗ ಅಂತ ತೋರಿಸಿದ್ದು 1995ರ ಅಮೆರಿಕದ ಅಧ್ಯಯನ. 2008ರಲ್ಲಿ ಯುರೋಪಿನ ಅಧ್ಯಯನ ಅದನ್ನು ನಾಲ್ಕೂವರೆ ಗಂಟೆಗೆ ಎಳೆಯಿತು. ತಡವಾದಷ್ಟೂ ಲಾಭ ಕಡಿಮೆ, ಮೆದುಳಿನಲ್ಲಿ ರಕ್ತ ಸೋರುವ ಅಪಾಯ ಮಾತ್ರ ಇದ್ದೇ ಇರುತ್ತದೆ. ಆದ್ದರಿಂದ ಆ ಡಾಕ್ಟರನ್ನು ಬೈಯಲಾರೆ.

ಆದರೆ 2018ರಲ್ಲಿ ಒಂದು ಬಾಗಿಲು ತೆರೆಯಿತು. ಹೊಡೆದ ಹೊತ್ತು ಗೊತ್ತಿಲ್ಲದವರನ್ನು, ಹೆಚ್ಚಾಗಿ ಹೀಗೆ ನಿದ್ದೆಯಲ್ಲಿ ಹೊಡೆದವರನ್ನು, ಎಂಆರ್‌ಐ ಮಾಡಿ ನೋಡಿದರು. ಹಾನಿ ಒಂದು ಬಗೆಯ ಚಿತ್ರದಲ್ಲಿ ಕಂಡು ಇನ್ನೊಂದರಲ್ಲಿ ಇನ್ನೂ ಮೂಡದಿದ್ದರೆ ಹೊಡೆದು ಹೆಚ್ಚು ಹೊತ್ತಾಗಿಲ್ಲ ಎಂದರ್ಥ. ಅಂಥ 503 ಜನರಲ್ಲಿ ಇಂಜೆಕ್ಷನ್ ಕೊಟ್ಟವರ ಪೈಕಿ ಮೂರು ತಿಂಗಳಲ್ಲಿ ಶೇ. 53 ಜನ ಚೆನ್ನಾಗಿ ಚೇತರಿಸಿಕೊಂಡರು, ಕೊಡದವರಲ್ಲಿ ಶೇ. 42. ದೊಡ್ಡ ರಕ್ತನಾಳ ಕಟ್ಟಿಕೊಂಡಿದ್ದರೆ, ಆಯ್ದ ಕೆಲವರಿಗೆ 24 ಗಂಟೆಯವರೆಗೂ ತಂತಿ ಹಾಕಿ ಹೆಪ್ಪು ತೆಗೆಯಬಹುದು ಅಂತಲೂ ಅದೇ ಸುಮಾರಿಗೆ ಗೊತ್ತಾಯಿತು. ಹಾಗಾಗಿ ‘ನಿದ್ದೆಯಲ್ಲಿ ಹೊಡೆದದ್ದು, ಇನ್ನೇನು ಪ್ರಯೋಜನ’ ಅಂತ ಯಾರೂ ಮನೆಯಲ್ಲಿ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್, ಎಂಆರ್‌ಐ ಇರುವ ಆಸ್ಪತ್ರೆ ಹತ್ತಿರದಲ್ಲಿ ಯಾವುದು ಅಂತ ಬಿಪಿ, ಶುಗರ್ ಇರುವವರ ಮನೆಯವರು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ದಾರಿಯಲ್ಲಿ ಬಾಯಿಗೆ ನೀರು, ಚಹಾ ಹಾಕಬೇಡಿ. ನುಂಗಲು ಆಗದಿದ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಪ್ರಶ್ನೆ: ಲಕ್ವ ಹೊಡೆದ ಮರುದಿನವೇ ಎಬ್ಬಿಸಿ ನಡೆಸಿದರೆ ಕಾಲು ಬೇಗ ಬರುತ್ತದಂತೆ, ಹೌದಾ? (ಓದುಗರು, ಕುಷ್ಟಗಿ)

ಉತ್ತರ: ಇಲ್ಲ. 2015ರಲ್ಲಿ ಮುಗಿದ ಅಧ್ಯಯನದಲ್ಲಿ 2,104 ಜನರಿದ್ದರು. ಮೊದಲ 24 ಗಂಟೆಯಲ್ಲೇ ಎಬ್ಬಿಸಿ, ಮೇಲಿಂದ ಮೇಲೆ ನಡೆಸಿದವರ ಸ್ಥಿತಿ ಉಳಿದವರಿಗಿಂತ ಸ್ವಲ್ಪ ಕೆಟ್ಟದ್ದಾಗಿಯೇ ಇತ್ತು. ಹಾಗಂತ ವಾರಗಟ್ಟಲೆ ಮಲಗಿಸಬೇಡಿ. ಡಾಕ್ಟರ್ ಹೇಳಿದ ಮೇಲೆ ಸ್ವಲ್ಪ ಸ್ವಲ್ಪವೇ ಕೂರಿಸಿ, ನಿಲ್ಲಿಸಿ. ಎಬ್ಬಿಸುವಾಗ ಬಲವಿಲ್ಲದ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಲಕ್ವ ಹೊಡೆದು ಎಂಟು ತಿಂಗಳು. ನಡೆಯುತ್ತಾರೆ, ಬಲಗೈ ಮಾತ್ರ ಬಂದಿಲ್ಲ. ಸ್ಟೆಮ್ ಸೆಲ್ ಹಾಕಿದರೆ ಸರಿಹೋಗುತ್ತದೆ, ಇದು ‘ಟ್ರಯಲ್’ ಚಿಕಿತ್ಸೆ, ಎರಡು ಲಕ್ಷ ಕೊಡಿ ಎಂದು ಒಬ್ಬರು ಹೇಳಿದ್ದಾರೆ. ಹೊಲ ಮಾರಬೇಕು. (ಓದುಗರು, ಲಿಂಗಸುಗೂರು)

ಉತ್ತರ: ಮಾರಬೇಡಿ ಅಮ್ಮ. ರೋಗಿಯಿಂದಲೇ ದುಡ್ಡು ಕೇಳಿದರೆ ಅದು ಟ್ರಯಲ್ ಅಲ್ಲ, ವ್ಯಾಪಾರ. ಅವರ ಹತ್ತಿರ ಸಿಟಿಆರ್‌ಐ ನಂಬರ್ ಕೇಳಿ, ಮಾತು ಅಲ್ಲೇ ನಿಂತುಹೋಗುತ್ತದೆ. ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ. ರೋಗಿಯ ಅಸ್ಥಿಮಜ್ಜೆಯಿಂದಲೇ ಅಂಥ ಜೀವಕೋಶ ತೆಗೆದು ರಕ್ತನಾಳಕ್ಕೆ ಕೊಡುವ ಅಧ್ಯಯನ ನಮ್ಮ ದೇಶದ ಐದು ಆಸ್ಪತ್ರೆಗಳಲ್ಲಿ 120 ಜನರ ಮೇಲೆ ನಡೆದಿತ್ತು. ಫಲಿತಾಂಶ 2014ರಲ್ಲಿ ಬಂತು. ಅಪಾಯವೇನೂ ಆಗಲಿಲ್ಲ, ಉಪಯೋಗವೂ ಆಗಲಿಲ್ಲ.

ಕೈ ವಿಚಾರದಲ್ಲಿ ನಾನು ಮೊದಲು ಕೇಳುವುದು ಒಂದೇ: ಬಲಗೈ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲಕ್ಕೆ ಏಳುತ್ತವಾ? ಏಳುವುದಾದರೆ ಅವರಿಗೆ ಒಂದು ದಾರಿ ಇದೆ. 2006ರ ಅಧ್ಯಯನದಲ್ಲಿ, ಹೊಡೆದು ಮೂರರಿಂದ ಒಂಬತ್ತು ತಿಂಗಳಾದ 222 ಜನರಿದ್ದರು. ಅವರಲ್ಲಿ ಒಂದು ಗುಂಪಿಗೆ ಚೆನ್ನಾಗಿರುವ ಕೈಗೆ ದಪ್ಪ ಕೈಗವಸು ತೊಡಿಸಿ, ಎರಡು ವಾರ ದಿನಕ್ಕೆ ಆರು ಗಂಟೆಯವರೆಗೂ ಬಲ ಕಳೆದುಕೊಂಡ ಕೈಯಿಂದಲೇ ಕೆಲಸ ಮಾಡಿಸಿದರು. ಆ ಕೈಯ ಬಳಕೆ ಸುಧಾರಿಸಿತು, ಒಂದು ವರ್ಷದ ನಂತರವೂ ಉಳಿದಿತ್ತು. ಬೇಕಾಗಿದ್ದು ಬಟ್ಟೆಯ ಕೈಗವಸು, ಬಟ್ಟಲು, ಕಾಳು, ಮತ್ತೆ ರೇಗದೆ ಜೊತೆಗೆ ಕೂರುವ ಒಬ್ಬರು. ಎಂಟು ತಿಂಗಳು ಅಂದಿರಿ, ತಡ ಮಾಡಬೇಡಿ. ಈ ವಾರವೇ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಅವರ ಮಣಿಕಟ್ಟು ತೋರಿಸಿ.