ತೊಳೆಯಲು ನಳಿಗೆ ಬಿಚ್ಚಿದ ಮೇಲೆ ಪೀಪ್ ಸೈಟ್ ಗುರಿ ತಪ್ಪುವುದೇಕೆ?
ಪ್ರಶ್ನೆ ಖಾನಾಪುರ ಕಡೆಯದು: ಬಾಯಿಂದ ಮದ್ದು ತುಂಬುವ ರೈಫಲ್, ಹಿಂದೆ ಪೀಪ್ ಸೈಟ್ (ತೂತಿನಲ್ಲಿ ಕಣ್ಣಿಟ್ಟು ಗುರಿ ಹಿಡಿಯುವಂಥದು); ನಳಿಗೆ ಬಿಚ್ಚಿ, ತೊಳೆದು ಕೂರಿಸಿದರೆ 50 ಮೀಟರಿಗೆ ಗುರಿ ಬೆರಳಗಲ ಸರಿಯುತ್ತದೆ.

ತಪ್ಪು ಸೈಟಿನದಲ್ಲ, ಅದು ಕೂತ ಜಾಗದ್ದು. ಮುಂದಿನ ಸೈಟ್ ನಳಿಗೆಯ ಮೇಲಿದೆ. ತೂತಿನದು ಟ್ಯಾಂಗ್ ಮೇಲೆ, ಅಂದರೆ ನಳಿಗೆಯ ಹಿಂದೆ ಕಟ್ಟಿಗೆಗೆ ಬಿಗಿದ ಕಬ್ಬಿಣದ ಪಟ್ಟಿಯ ಮೇಲೆ. ನಳಿಗೆಯ ಹಿಂತುದಿಯ ಕೊಕ್ಕೆ ಟ್ಯಾಂಗಿನ ಗುಳಿಯಲ್ಲಿ ಪ್ರತಿಸಲ ಕೂದಲೆಳೆಯಷ್ಟು ಬೇರೆಯಾಗಿ ಕೂತರೂ ಸಾಕು. ಸೈಟುಗಳ ನಡುವೆ 800 ಮಿ.ಮೀ. ಇದ್ದರೆ, 0.25 ಮಿ.ಮೀ. ಸರಿದದ್ದು 50 ಮೀಟರಿನಲ್ಲಿ ಸುಮಾರು 16 ಮಿ.ಮೀ. ಆಗುತ್ತದೆ.

ಪೀಪ್ ಸೈಟನ್ನೂ ನಳಿಗೆಯ ಹಿಂತುದಿಗೇ ಕೂರಿಸುವುದು ಖಾಯಂ ಪರಿಹಾರ. ಆಗ ಎರಡೂ ಒಟ್ಟಿಗೇ ಬಿಚ್ಚುತ್ತವೆ, ಒಟ್ಟಿಗೇ ಕೂಡುತ್ತವೆ.

ಟ್ಯಾಂಗ್ ಮೇಲೇ ಬೇಕೆಂದರೆ ಮೊದಲು ಗಜಕಡ್ಡಿ (ಮದ್ದು ಒತ್ತುವ ಉದ್ದ ಕಡ್ಡಿ) ಒಳಗೆ ಇಳಿಸಿ ನಳಿಗೆ ಖಾಲಿಯೆಂದು ಖಚಿತ ಮಾಡಿಕೊಳ್ಳಿ. ನಳಿಗೆಯನ್ನು ಕಟ್ಟಿಗೆಗೆ ಹಿಡಿದಿಡುವ ಬೆಣೆ ಬಿಗಿದು, ಕೊಕ್ಕೆಯ ಸೇರುವೆಯ ಮೇಲೆ ಉಗುರಿಟ್ಟು ಅಲ್ಲಾಡಿಸಿ. ಉಗುರಿಗೆ ಮಿಸುಕಾಟ ತಾಗಿದರೆ ಸಡಿಲ. ಬೆಣೆ ಸವೆದಿದ್ದರೆ ಬದಲಿಸಿ, ಟ್ಯಾಂಗ್ ಕೆಳಗೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ಹಾಕಿಸಿ. ಕಬ್ಬಿಣಕ್ಕೆಲ್ಲ ಮೇಣ ಹಚ್ಚಿರಬೇಕು, ಇಲ್ಲವೆಂದರೆ ಟ್ಯಾಂಗ್ ಜನ್ಮಕ್ಕೂ ಬಿಡುವುದಿಲ್ಲ! ಕೊಕ್ಕೆಯ ಗುಳಿಯಲ್ಲಿ ಮದ್ದಿನ ಮಸಿ ಉಳಿದರೂ ಗುರಿ ತಪ್ಪುವ ಗೋಳೇ. ಅದನ್ನು ತೆಗೆಯಲು ಹಲ್ಲುಜ್ಜುವ ಹಳೆ ಬ್ರಷ್ ಸಾಕು.

ನಿಮ್ಮ ಕಡೆಯ ಮಳೆಗೆ ಕಟ್ಟಿಗೆಯೂ ಉಬ್ಬುತ್ತದೆ. ಒಳಮೈಗೆ ಅಗಸಿ ಎಣ್ಣೆ ತೆಳ್ಳಗೆ ಹಚ್ಚಿ, ಆದರೆ ಎಪಾಕ್ಸಿ ಆದ ಮೇಲೆ. ಎಣ್ಣೆ ಕುಡಿದ ಕಟ್ಟಿಗೆಗೆ ಅದು ಹಿಡಿಯುವುದಿಲ್ಲ.