ಬೀರುವಿನಲ್ಲಿದ್ದ ಮಷಿನ್

"ಇವರಿಗೆ ಕೋಪ ಜಾಸ್ತಿ, ಮನೇಲಿ ಮಾತೇ ಇಲ್ಲ" ಎಂದು ಹೇಳಿಕೊಂಡು ಬಂದವರು ಹೆಂಡತಿ. ಮಲೆನಾಡಿನ ಒಂದು ಊರಿನಲ್ಲಿ ಅಂಗಡಿ ನಡೆಸುವ ಕುಟುಂಬ. ಗಂಡನಿಗೆ 48 ವರ್ಷ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು, ನೆಂಟರು ಅದಕ್ಕೆ ಏನೇನೋ ಅರ್ಥ ಕಟ್ಟಿದ್ದರು. ನಿಜವಾದ ಕಾರಣ ಗೊರಕೆ.

ನಾನು ಆಪ್ತ ಸಮಾಲೋಚಕಿ, ವೈದ್ಯೆ ಅಲ್ಲ. ಆದರೆ ಜಗಳ ಎಂದು ಬಂದವರನ್ನು ನಿದ್ದೆ ಹೇಗಿದೆ ಅಂತ ಕೇಳುವುದು ರೂಢಿ. ಕೇಳಿದ ತಕ್ಷಣ ಆಕೆ ಮೊಬೈಲ್ ತೆಗೆದು ವಿಡಿಯೊ ತೋರಿಸಿದರು. ಜೋರು ಗೊರಕೆ, ಇದ್ದಕ್ಕಿದ್ದಂತೆ ಸದ್ದು ಬಂದ್. ಎದೆ, ಹೊಟ್ಟೆ ಎದ್ದುಬಿದ್ದು ಒದ್ದಾಡುತ್ತಿವೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ಆಮೇಲೆ ಗಕ್ಕನೆ ಒಂದು ಉಸಿರು, ಮತ್ತೆ ಗೊರಕೆ. "ಗೊರಕೆ ಹೊಡೆದರೆ ಸಿಟ್ಟು ಬರುತ್ತೆ, ನಿಂತರೆ ಭಯ ಆಗುತ್ತೆ" ಎಂದರು.

ಕಾಯಿಲೆ ಗೊತ್ತಿರಲಿಲ್ಲ ಅಂತಲ್ಲ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಇಳಿಯದಿದ್ದಾಗ ಡಾಕ್ಟರು ನಿದ್ದೆ ಪರೀಕ್ಷೆ ಮಾಡಿಸಿದ್ದರು. ಗಂಟೆಗೆ 41 ಸಲ ಉಸಿರು ನಿಲ್ಲುವುದೋ ಕುಗ್ಗುವುದೋ ಆಗುತ್ತಿತ್ತು. ನಿದ್ದೆಯಲ್ಲಿ ಹೀಗೆ ಉಸಿರು ನಿಲ್ಲುವ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ, 30 ಮುಟ್ಟಿದರೇ ತೀವ್ರ. ಅದಕ್ಕೆ ಮಾಸ್ಕಿನ ಮೂಲಕ ಗಾಳಿ ಬಿಡುವ ಸಿಪ್ಯಾಪ್ ಮಷಿನ್ ಕೂಡ ತಂದಿದ್ದರು. ಅದು ಬೀರುವಿನಲ್ಲಿತ್ತು.

ಯಾಕೆ ಎಂದು ಕೇಳಿದ್ದಕ್ಕೆ ಗಂಡ "ಮಾಸ್ಕ್ ಹಾಕಿದ್ರೆ ಉಸಿರು ಕಟ್ಟುತ್ತೆ" ಎಂದರು. ಒಬ್ಬರೇ ಬಂದ ದಿನ ಬೇರೆ ಮಾತು ಹೊರಬಿತ್ತು. ಮಗಳಿಗೆ ಗಂಡು ನೋಡುತ್ತಿದ್ದಾರೆ. ಮನೆಗೆ ಬಂದವರ ಕಣ್ಣಿಗೆ ಮಷಿನ್ ಬಿದ್ದರೆ, "ಅಪ್ಪ ಆಕ್ಸಿಜನ್ ಮೇಲಿದ್ದಾನೆ ಅಂತ ಊರಿಡೀ ಸುದ್ದಿ ಆಗಲ್ವಾ ಮೇಡಂ?" ಅದು ಆಕ್ಸಿಜನ್ ಅಲ್ಲ, ಕೋಣೆಯ ಗಾಳಿಯನ್ನೇ ಒತ್ತಡದಲ್ಲಿ ಬಿಟ್ಟು ಗಂಟಲ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತೆ ಎಂದು ಬಿಡಿಸಿ ಹೇಳಿದೆ. ಇದನ್ನು ಅವರಿಗೆ ಯಾರೂ ಹೇಳಿರಲೇ ಇಲ್ಲ!

ಬಿಪಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದರು. ನಿದ್ದೆಯಲ್ಲಿ ಗಂಟಲ ಸ್ನಾಯು ಸಡಿಲಾಗಿ ದಾರಿ ಮುಚ್ಚುತ್ತೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತೆ, ಬಿಪಿ ಜಿಗಿಯುತ್ತೆ. ರಾತ್ರಿಯಿಡೀ ಇದೇ ಗತಿ. ವರ್ಷಗಟ್ಟಲೆ ಹೀಗಾದವರಲ್ಲಿ ಎದೆಬಡಿತದ ಏರುಪೇರು, ಪಾರ್ಶ್ವವಾಯು, ಹೃದಯ ಸೋಲುವುದು, ಸಕ್ಕರೆ ಕಾಯಿಲೆ ಜಾಸ್ತಿ. ನನಗೆ ಅದಕ್ಕಿಂತ ಹತ್ತಿರದ ಭಯ ಇತ್ತು. ಸಾಮಾನು ತರಲು ಇವರೇ ಘಾಟಿ ಇಳಿದು ಹೋಗುತ್ತಾರೆ, ಸ್ಟಿಯರಿಂಗ್ ಮುಂದೆ ತೂಕಡಿಸಿದ್ದೂ ಉಂಟು. ಚಿಕಿತ್ಸೆ ಹಿಡಿತಕ್ಕೆ ಬಂದು ಡಾಕ್ಟರು ಸರಿ ಎನ್ನುವವರೆಗೆ ಗಾಡಿ ಮುಟ್ಟಬೇಡಿ ಎಂದೆ. ಇದರಲ್ಲಿ ಚೌಕಾಸಿ ಬೇಡ ಎಂದೂ ಹೇಳಿದೆ.

"ಬಪ್ಪಿ ಲಹಿರಿ ಹೋಗಿದ್ದು ಇದರಿಂದಲೇ ಅಂತೆ, ಹೌದಾ?" ಎಂದು ಆಕೆ ಕೇಳಿದರು. 2022ರಲ್ಲಿ ಆ ಹಿಂದಿ ಸಂಗೀತ ನಿರ್ದೇಶಕರು ತೀರಿಕೊಂಡಾಗ ವೈದ್ಯರು ಈ ಕಾಯಿಲೆಯ ಹೆಸರು ಹೇಳಿದ್ದು ನಿಜ, ಆದರೆ ಎದೆಯ ಸೋಂಕೂ ಇತ್ತು. ದಿನಾ ರಾತ್ರಿ ಅದನ್ನೇ ಹೇಳಿ ಗಂಡನನ್ನು ಹೆದರಿಸಬೇಡಿ ಎಂದೆ.

ಮಷಿನ್ ಹಾಕಿದರೆ ಹಾರ್ಟ್ ಅಟ್ಯಾಕ್ ಆಗಲ್ಲ ಅಂತ ಗ್ಯಾರಂಟಿ ಇದೆಯಾ ಎಂಬುದು ಗಂಡನ ಪಟ್ಟು. ಇಲ್ಲ. ಹೃದ್ರೋಗ, ಪಾರ್ಶ್ವವಾಯು ಮೊದಲೇ ಇದ್ದವರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2016ರಲ್ಲಿ ಬಂತು. ಅದರಲ್ಲಿ ಅಂಥ ಲಾಭ ಕಾಣಲಿಲ್ಲ. ಆದರೆ ಅದರಲ್ಲಿದ್ದವರು ಮಾಸ್ಕ್ ಹಾಕಿದ್ದು ರಾತ್ರಿಗೆ ಸರಾಸರಿ ಮೂರು ಗಂಟೆ ಚಿಲ್ಲರೆ ಮಾತ್ರ. ಅಷ್ಟಕ್ಕೇ ಹಗಲಿನ ತೂಕಡಿಕೆ ಇಳಿದಿತ್ತು, ಮನಸ್ಸೂ ಹಗುರಾಗಿತ್ತು. ಬಿಪಿ ಸ್ವಲ್ಪ ಇಳಿಯಬಹುದು, ಹಾಗಂತ ಮಾತ್ರೆ ಬಿಡಬಾರದು.

ಕೋಪದ ಬಗ್ಗೆ ನಾನು ಏನೂ ಹೇಳಲಿಲ್ಲ. ಮೊದಲು ನಿದ್ದೆ. ಸಂಜೆ ಟಿವಿ ನೋಡುತ್ತಾ ಮಾಸ್ಕನ್ನು ಕೈಯಲ್ಲಿ ಹಿಡಿದು ಸುಮ್ನೆ ಮೂಗಿಗೆ ಇಟ್ಟುಕೊಳ್ಳಿ, ಪಟ್ಟಿ ಬೇಡ. ಅಭ್ಯಾಸವಾದ ಮೇಲೆ ಪಟ್ಟಿ, ಆಮೇಲೆ ಗಾಳಿ, ಕೊನೆಗೆ ನಿದ್ದೆ. ಒತ್ತಡ ನಿಧಾನ ಏರುವ ಸೆಟ್ಟಿಂಗ್ ಮಷಿನ್ನಿನಲ್ಲೇ ಇರುತ್ತೆ. ಇನ್ನೊಂದು ತೊಡಕು ಅವರ ದಪ್ಪ ಮೀಸೆ. ಮಾಸ್ಕಿನ ಅಂಚು ಕೂರದೆ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಮೀಸೆ ತೆಗೆಯಿರಿ ಎನ್ನುವ ಧೈರ್ಯ ನನಗಿರಲಿಲ್ಲ! ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ಮಾಸ್ಕ್ ಇದೆ, ಡಾಕ್ಟರ ಹತ್ತಿರ ಕೇಳಿ ಎಂದೆ. ಅದು ಹೊಂದಿತು. ಮಳೆಗಾಲದಲ್ಲಿ ಕರೆಂಟ್ ಹೋಗುವ ಊರು, ಹಾಗಾಗಿ ಮಷಿನ್ನಿಗೆ ಇನ್ವರ್ಟರ್ ಲೈನ್ ಎಳೆಸಿದರು.

ರಾತ್ರಿಯ ಎರಡು ಪೆಗ್ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತೆ, ಅದು ಬೇಡ. ಮೆಡಿಕಲ್ ಶಾಪಿನಿಂದ ತಾವೇ ತರುತ್ತಿದ್ದ ನಿದ್ದೆ ಮಾತ್ರೆಯ ವಿಷಯ ಡಾಕ್ಟರಿಗೆ ಹೇಳಿಸಿದೆ. "ತೂಕ ಇಳಿಸ್ತೀನಿ, ಮಷಿನ್ ಬೇಡ" ಎಂದರು. ತೂಕ ಇಳಿದಷ್ಟೂ ಉಸಿರು ನಿಲ್ಲುವುದು ಕಡಿಮೆಯಾಗುತ್ತೆ, ನಿಜ. ಆದರೆ ಅದಕ್ಕೆ ತಿಂಗಳುಗಳು ಬೇಕು. ಅಲ್ಲಿವರೆಗೆ?

ಹೆಂಡತಿಗೆ ಹೇಳಿದ್ದು ಒಂದೇ. "ಹಾಕಿದ್ರಾ, ಹಾಕಿದ್ರಾ" ಎಂಬ ವಿಚಾರಣೆ ನಿಲ್ಲಿಸಿ. ಎಷ್ಟು ಗಂಟೆ ಹಾಕಿದರು ಅಂತ ಮಷಿನ್ನೇ ಲೆಕ್ಕ ಇಡುತ್ತೆ, ಡಾಕ್ಟರು ನೋಡಿಕೊಳ್ಳುತ್ತಾರೆ. ಗಂಡಿನ ಕಡೆಯವರು ಕೇಳಿದರೆ ಕನ್ನಡಕದ ಹಾಗೆ ಇದೂ ಒಂದು ಅಂತ ಹೇಳಿಬಿಡಿ.

ಈಗ ರಾತ್ರಿಗೆ ಐದು ಗಂಟೆಯಾದರೂ ಹಾಕುತ್ತಾರೆ, ನೆಂಟರ ಮನೆಗೆ ಮಾತ್ರ ಒಯ್ಯುವುದಿಲ್ಲ. ಹೆಂಡತಿ ವಾಪಸ್ ಅದೇ ಕೋಣೆಗೆ ಬಂದಿದ್ದಾರೆ. ಮಧ್ಯಾಹ್ನದ ಸಿಡಿಮಿಡಿ ಇಳಿದಿದೆ. ಅಂಗಡಿ ಲೆಕ್ಕದ ಜಗಳ ಹಾಗೇ ಇದೆ, ಈಗಿನ ಭೇಟಿಗಳಲ್ಲಿ ಅದನ್ನೇ ಎತ್ತಿಕೊಂಡಿದ್ದೇವೆ.