ಹಳೇ ಕಂಪ್ಯೂಟರ್: ಲೋಗೊ ಬಂದು ಪರದೆ ಕಪ್ಪಾಗುತ್ತದೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಾ?

ಬೇಡ. ಪರದೆಗೆ ಚಿತ್ರ ಕಳಿಸುವ ಆ ಕಾರ್ಡಿಗೆ ಸದ್ಯಕ್ಕಂತೂ ದುಡ್ಡು ಹಾಕಬೇಡಿ. ಎರಡು ಸೆಕೆಂಡ್ ಲೋಗೊ, ಆಮೇಲೆ ಕತ್ತಲೆ, ಮಾನಿಟರಿನ ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ ಅಂತ ಬರೆದಿದ್ದೀರಿ. ನನ್ನ ಕಂಪ್ಯೂಟರಿಗೂ ಇದೇ ಆಗಿತ್ತು. "ಮಾನಿಟರ್ ಸರಿ ಇದೆ, ಲೈಟ್ ಬರ್ತಿದೆಯಲ್ಲ" ಅನ್ನುವ ನಿಮ್ಮ ಮಾತನ್ನೇ ನಾನೂ ಕೇಳಿದವರಿಗೆಲ್ಲ ಹೇಳುತ್ತಿದ್ದೆ.

ಮೊದಲು ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಮೇಲೆ ಅನುಮಾನ ಬಂತು. ಸುಮ್ನೆ ಕಾಲಹರಣ. ಕಂಪನಿಯ ಲೋಗೊ ಕಾಣುವುದು ವಿಂಡೋಸ್ ಶುರುವಾಗುವ ಮುಂಚೆ. ಪರದೆ ಆಗಲೇ ಆರಿಹೋದರೆ ವಿಂಡೋಸ್ ಡ್ರೈವರ್ ಏನು ಮಾಡೀತು? ಆಮೇಲೆ ಕಾರ್ಡಿನ ಸರದಿ. ಅದನ್ನು ತೆಗೆಯುವಾಗ ಸ್ಲಾಟಿನ ತುದಿಯ ಪುಟ್ಟ ಕೊಂಡಿ ಒತ್ತಬೇಕು ಅಂತ ಗೊತ್ತಿರಲಿಲ್ಲ. ಎಳೆದ ರಭಸಕ್ಕೆ ಮುರಿಯಿತು. ಹೊಸ ಕಾರ್ಡ್ ಹಾಕಿದೆ. ಲೋಗೊ ಬಂತು, ಹೋಯಿತು. ಕೊನೆಗೆ ಮೇಜಿನ ಕೆಳಗೆ ಬಿದ್ದ ಸ್ಕ್ರೂ ಹುಡುಕಲು ಮೊಬೈಲ್ ಟಾರ್ಚ್ ಹಾಕಿದಾಗ ಬೆಳಕು ಓರೆಯಾಗಿ ಪರದೆಗೆ ತಾಗಿತು. ನೋಡಿದರೆ ಡೆಸ್ಕ್‌ಟಾಪಿನ ಐಕಾನ್‌ಗಳೆಲ್ಲ ಮಸುಕಾಗಿ ಅಲ್ಲೇ ಕೂತಿವೆ! ಕಂಪ್ಯೂಟರ್ ಪಾಪ ಅಷ್ಟೂ ಹೊತ್ತು ಚಿತ್ರ ಕಳಿಸುತ್ತಲೇ ಇತ್ತು.

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಯಾರಾದರೂ ದೀಪ ಹಿಡಿಯಬೇಕು. ಹಳೇ ಮಾನಿಟರ್‌ಗಳಲ್ಲಿ ಈ ಕೆಲಸಕ್ಕೆ ಸಣ್ಣ ಟ್ಯೂಬ್‌ಗಳಿರುತ್ತವೆ, ಎಲ್‌ಇಡಿ ಬಂದದ್ದು ಆಮೇಲೆ. ಟ್ಯೂಬ್ ಉರಿಸುವುದಕ್ಕೆ ನೂರಾರು ವೋಲ್ಟ್ ಬೇಕು, ಅದನ್ನು ಮಾನಿಟರಿನ ಒಳಗಿರುವ ಇನ್ವರ್ಟರ್ ಬೋರ್ಡ್ ಕೊಡುತ್ತದೆ. ಟ್ಯೂಬ್ ಹಳತಾದರೆ, ಅಥವಾ ಬೋರ್ಡಿನ ಕೆಪಾಸಿಟರ್ (ಕರೆಂಟ್ ಹಿಡಿದಿಡುವ ಪುಟ್ಟ ಭಾಗ) ಉಬ್ಬಿದರೆ, ಒಂದೆರಡು ಸೆಕೆಂಡಿನಲ್ಲಿ ರಕ್ಷಣೆಗೆಂದು ಆ ಬೋರ್ಡ್ ತಾನಾಗಿ ಆಫ್ ಆಗುತ್ತದೆ. ಮುಂದಿನ ಹಸಿರು ದೀಪಕ್ಕೂ ಈ ಟ್ಯೂಬಿಗೂ ಸಂಬಂಧವೇ ಇಲ್ಲ.

ನಾನು ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಹಳಷ್ಟು ಮಾನಿಟರ್‌ಗಳಲ್ಲಿ ಹಸಿರು ಅಥವಾ ನೀಲಿ ದೀಪ ಎಂದರೆ ಸಿಗ್ನಲ್ ಬರುತ್ತಿದೆ ಎಂದರ್ಥ. ಬರದಿದ್ದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಇಲ್ಲವೇ ಮಿಣುಕುತ್ತದೆ. ಅಂದರೆ ಆ ಹಸಿರು ದೀಪ "ಕಂಪ್ಯೂಟರ್ ಸರಿ ಇದೆ" ಅನ್ನುತ್ತಿತ್ತು. ನಾನು ಅದನ್ನು "ಮಾನಿಟರ್ ಸರಿ ಇದೆ" ಅಂತ ಓದಿಕೊಂಡೆ. ಸಾಕ್ಷಿ ಒಂದೇ, ತೀರ್ಪು ಪೂರಾ ಉಲ್ಟಾ. ಕಾರ್ಡ್ ತರುವ ಮೊದಲು ಕಂಪ್ಯೂಟರಿನಿಂದ ಕೇಬಲ್ ಕಿತ್ತು ನೋಡಿದ್ದರೂ ಸಾಕಿತ್ತು. ಆಗ ಮಾನಿಟರ್ ತಾನೇ "ನೋ ಸಿಗ್ನಲ್" ಅಂತ ತೋರಿಸಬೇಕು. ಅದೂ ಎರಡು ಸೆಕೆಂಡಿಗೆ ಕತ್ತಲಾದರೆ ತಪ್ಪು ಯಾರದು ಅಂತ ಗೊತ್ತಾಯಿತಲ್ವಾ? ಕೆಲವು ಮಾನಿಟರ್‌ಗಳು ಆ ಸಂದೇಶ ತೋರಿಸಿ ತಾವೇ ಮಲಗುತ್ತವೆ. ಅದಕ್ಕೇ ಮೆನು ಬಟನ್ ಒತ್ತಿ, ಟಾರ್ಚ್ ಹಿಡಿದೂ ನೋಡಿ. ಕತ್ತಲಲ್ಲಿ ಮೆನು ಮಸುಕಾಗಿ ಕಂಡರೆ ಹೋಗಿರುವುದು ಹಿಂದಿನ ದೀಪ.

ಹಾಗಾಗಿ ನೀವು ಕೇಳಿದ "ಕಾರ್ಡಾ, ಹೊಸ ಕಂಪ್ಯೂಟರಾ" ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. "ನೋ ಸಿಗ್ನಲ್" ಸಂದೇಶ ಅಥವಾ ಮೆನು ಕತ್ತಲಾಗದೆ ಗಟ್ಟಿಯಾಗಿ ನಿಂತರೆ ಮಾತ್ರ ಕಂಪ್ಯೂಟರ್ ಡಬ್ಬಿ ಬಿಚ್ಚಿ. ಆಗಲೂ ಮೊದಲು ಕೇಬಲ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಕಾರ್ಡ್ ಇರುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡಿನ (ಮುಖ್ಯ ಬೋರ್ಡಿನ) ವಿಜಿಎ ಪೋರ್ಟ್, ಅಂದರೆ ಹಳೇ ಮಾದರಿಯ ಮಾನಿಟರ್ ಕೇಬಲ್ ಚುಚ್ಚುವ ಜಾಗ, ಕೆಲಸ ಮಾಡುವುದಿಲ್ಲ, ಕೇಬಲ್ ಕಾರ್ಡಿಗೇ ಚುಚ್ಚಬೇಕು. ಆಮೇಲೆ ಪವರ್ ಕಿತ್ತು, ರ‍್ಯಾಮ್ (ಮೆಮೊರಿ ಪಟ್ಟಿ) ತೆಗೆದು, ಅದರ ಅಂಚನ್ನು ರಬ್ಬರಿನಿಂದ ಉಜ್ಜಿ ವಾಪಸ್ ಹಾಕಿ.  ನಿಮ್ಮ ಕೇಸಿನಲ್ಲಿ ಇದ್ಯಾವುದೂ ಬೇಕಾಗುವುದಿಲ್ಲ ಅನಿಸುತ್ತದೆ.

ಮಾನಿಟರನ್ನು ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ. ರಿಪೇರಿಯವರು ಬರೀ ಕೆಪಾಸಿಟರ್ ಸಾಕು ಅಂದರೆ ಮಾಡಿಸಿ. ಟ್ಯೂಬ್ ಹೋಗಿದೆ ಅಂದರೆ ಬಿಟ್ಟುಬಿಡಿ, ಯಾರಾದರೂ ಬಳಸಿದ ಎಲ್‌ಇಡಿ ಮಾನಿಟರ್ ತಗೊಳ್ಳಿ. ಅದರಲ್ಲಿ ಎಚ್‌ಡಿಎಂಐ (ಹೊಸ ಮಾದರಿಯ ಪೋರ್ಟ್) ಮಾತ್ರ ಇದ್ದು, ನಿಮ್ಮ ಕಂಪ್ಯೂಟರಿನಲ್ಲಿ ವಿಜಿಎ ಮಾತ್ರ ಇದ್ದರೆ ಬರೀ ಕೇಬಲ್ ಸಾಲದು, ಕನ್ವರ್ಟರ್ ಬೇಕು. ಅದು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ, ಆದ್ದರಿಂದ ವಿಜಿಎ ಇನ್‌ಪುಟ್, ಎಚ್‌ಡಿಎಂಐ ಔಟ್‌ಪುಟ್ ಅಂತ ಬರೆದಿರುವುದನ್ನೇ ನೋಡಿ ತಗೊಳ್ಳಿ.